ಮುಂದೆ ‘ನಮ್ಮೂರಿನದು’, ಹಿಂದೆ ಯಾವ ಊರು? ಘಟ್ಟ, ಕರಾವಳಿಯ ಪಾನೀಯಗಳನ್ನು ಲೇಬಲ್ ತಿರುಗಿಸಿ ನೋಡಿದಾಗ

ಮಡಿಕೇರಿ, ಕುಶಾಲನಗರ, ಚಿಕ್ಕಮಗಳೂರು, ಸಕಲೇಶಪುರದ ರಸ್ತೆಬದಿಯ ‘ಸ್ಪೈಸಸ್’ ಅಂಗಡಿಗಳಲ್ಲಿ ಒಂದು ಗೋಡೆ ಪೂರ್ತಿ ಪಾನೀಯಗಳದ್ದೇ ಇರುತ್ತದೆ. ಕಾಫಿ ಪುಡಿ, ಪುನರ್ಪುಳಿ ಸಿರಪ್, ಕಷಾಯ ಪುಡಿ, ಜೀರಾ ಸೋಡಾ, ‘ಹೋಮ್‌ಮೇಡ್’ ವೈನ್. ಎಲ್ಲದರ ಮೇಲೂ ಕೂರ್ಗ್, ಮಲೆನಾಡು, ತುಳುನಾಡು ಅನ್ನುವ ಹೆಸರು, ಜೊತೆಗೊಂದು ಹಸಿರು ಗುಡ್ಡದ ಚಿತ್ರ. ಊರಿಗೆ ಹೋದ ನೆನಪಿಗೆ ಎರಡು ಬಾಟಲಿ ಹಿಡಿದು ಬರುವವರು ಅದನ್ನು ಪೂರ್ತಿ ನಂಬಿಯೇ ಕೊಳ್ಳುತ್ತಾರೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಅಲ್ಲಿನವು, ಕೆಲವು ಅರ್ಧ ನಿಜ, ಕೆಲವಕ್ಕೆ ಸ್ಟಿಕ್ಕರ್ ಒಂದೇ ಸ್ಥಳೀಯ. ಯಾವುದು ಯಾವುದೆಂದು ಅಂಗಡಿಯಲ್ಲೇ ನಿಂತು ಎರಡು ನಿಮಿಷದಲ್ಲಿ ಬಹುಮಟ್ಟಿಗೆ ತಿಳಿದುಕೊಳ್ಳಬಹುದು. ಉಳಿದದ್ದಕ್ಕೆ ಮನೆಯ ಅಡುಗೆ ಸೋಡಾ, ತಕ್ಕಡಿ, ಒಂದು ಲೋಟ ತಣ್ಣೀರು ಸಾಕು.

ಮೊದಲು ‘ಸ್ಥಳೀಯ’ ಅಂದರೆ ಏನೆಂದು ಇತ್ಯರ್ಥ ಮಾಡಿಕೊಳ್ಳಬೇಕು, ಯಾಕೆಂದರೆ ಕಾನೂನು ಮಾಡಿಲ್ಲ. ‘ನ್ಯಾಚುರಲ್’, ‘ಫ್ರೆಶ್’, ‘ಟ್ರೆಡಿಷನಲ್’ ಪದಗಳನ್ನು ಯಾವಾಗ ಬಳಸಬಹುದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ಜಾಹೀರಾತು ನಿಯಮಗಳು ಹೇಳುತ್ತವೆ. ‘ಲೋಕಲ್’ ಅನ್ನುವುದಕ್ಕೆ ಅಂಥ ಅಳತೆಗೋಲು ಇಲ್ಲ. ಹಾಗಾಗಿ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ರುಚಿ ಕೊಡುವ ವಸ್ತು ಎಲ್ಲಿ ಬೆಳೆಯಿತು? ಅದನ್ನು ಹಿಂಡಿದ್ದು, ಹುರಿದದ್ದು, ಕುದಿಸಿದ್ದು ಎಲ್ಲಿ? ಬಾಟಲಿಗೆ ತುಂಬಿದ್ದು ಎಲ್ಲಿ? ಈ ಮೂರರಲ್ಲಿ ಕೊನೆಯದಕ್ಕೆ ಬೆಲೆ ಅತಿ ಕಡಿಮೆ. ಕುಡಿಯಲು ಸಿದ್ಧವಾದ ತಂಪು ಪಾನೀಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ನೀರನ್ನು ಲಾರಿಯಲ್ಲಿ ದೂರ ಸಾಗಿಸಿದರೆ ಲಾಭವೆಲ್ಲ ಡೀಸೆಲ್‌ಗೆ ಹೋಗುತ್ತದೆ. ಅದಕ್ಕೇ ವಿದೇಶಿ ಕೋಲಾ ಕಂಪನಿಗಳೂ ಮಾರುವ ಜಾಗಕ್ಕೆ ಹತ್ತಿರದಲ್ಲೇ ಬಾಟ್ಲಿಂಗ್ ಘಟಕ ಇಟ್ಟುಕೊಳ್ಳುತ್ತವೆ. ‘ಇಲ್ಲೇ ತುಂಬಿದ್ದು’ ಅನ್ನುವುದೊಂದೇ ಅರ್ಹತೆಯಾದರೆ ಕೋಲಾವೂ ಸ್ಥಳೀಯ ಪಾನೀಯವೇ ಆಗಬೇಕಾಗುತ್ತದೆ. ಈ ವಿಮರ್ಶೆಯಲ್ಲಿ ಮೊದಲೆರಡು ಪ್ರಶ್ನೆಗಳಿಗೇ ಹೆಚ್ಚು ತೂಕ.

ಹಿಂದಿನ ಸಣ್ಣ ಅಕ್ಷರ

ಬಾಟಲಿ ಕೈಗೆತ್ತಿಕೊಂಡ ಕೂಡಲೇ ತಿರುಗಿಸಿ. ‘ಮ್ಯಾನುಫ್ಯಾಕ್ಚರ್ಡ್ ಬೈ’, ‘ಪ್ಯಾಕ್ಡ್ ಬೈ’, ‘ಮಾರ್ಕೆಟೆಡ್ ಬೈ’ ಮೂರೂ ಬೇರೆ ಬೇರೆ ಮಾತು. ಮಾರ್ಕೆಟೆಡ್ ಬೈ ಎಂಬುದರ ಮುಂದೆ ಮಡಿಕೇರಿಯ ವಿಳಾಸವಿದ್ದು, ಮ್ಯಾನುಫ್ಯಾಕ್ಚರ್ಡ್ ಬೈ ಮುಂದೆ ಇನ್ನೆಲ್ಲಿಯದೋ ಕೈಗಾರಿಕಾ ಪ್ರದೇಶದ ಪ್ಲಾಟ್ ನಂಬರ್ ಇದ್ದರೆ, ಮಡಿಕೇರಿಯಲ್ಲಿ ಆಗಿರುವುದು ವ್ಯಾಪಾರ ಮಾತ್ರ. ‘ರಿಜಿಸ್ಟರ್ಡ್ ಆಫೀಸ್’ ವಿಳಾಸಕ್ಕಂತೂ ಮೋಸಹೋಗಬೇಡಿ, ಅಲ್ಲಿ ಕಾಗದಪತ್ರ ಇರುತ್ತದೆ, ಕಡಾಯಿ ಇರುವುದಿಲ್ಲ. ಹಲವು ಘಟಕಗಳಿರುವ ಕಂಪನಿಯಾದರೆ ‘ಬ್ಯಾಚ್ ನಂಬರಿನ ಮೊದಲ ಅಕ್ಷರ ನೋಡಿ’ ಎಂದು ಬರೆದು ಎ, ಬಿ, ಸಿ ಎಂದು ವಿಳಾಸಗಳನ್ನು ಕೊಟ್ಟಿರುತ್ತಾರೆ. ಕುತ್ತಿಗೆಯ ಮೇಲೋ ಮುಚ್ಚಳದ ಮೇಲೋ ಒತ್ತಿರುವ ಬ್ಯಾಚ್ ನಂಬರ್ ನೋಡಿ ತಾಳೆ ಹಾಕಿದರೆ ನಿಮ್ಮ ಕೈಯಲ್ಲಿರುವ ಬಾಟಲಿ ಹುಟ್ಟಿದ ಊರು ಸಿಕ್ಕಿತು.

ಇನ್ನೊಂದು, ಎಫ್‌ಎಸ್‌ಎಸ್‌ಎಐ ಚಿಹ್ನೆಯ ಪಕ್ಕದ 14 ಅಂಕಿಗಳ ಸಂಖ್ಯೆ. ಬಹಳ ಜನ ಅದು ಇದೆಯೋ ಇಲ್ಲವೋ ಅಷ್ಟೇ ನೋಡುತ್ತಾರೆ. ಅದನ್ನು ಓದಬಹುದು. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ತಯಾರಕರ ನೋಂದಣಿ. ನಂತರದ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 12, ಕೇರಳ 13, ಮಹಾರಾಷ್ಟ್ರ 15, ತಮಿಳುನಾಡು 24, ಗೋವಾ 06. ಅದರ ಮುಂದಿನ ಎರಡು ಲೈಸೆನ್ಸ್ ಪಡೆದ ವರ್ಷ. ಅಂದರೆ 112 ಅಥವಾ 212ರಿಂದ ಶುರುವಾದರೆ ಕರ್ನಾಟಕದ್ದು. 100ರಿಂದ ಶುರುವಾದರೆ ಕೇಂದ್ರದ ಲೈಸೆನ್ಸ್, ಅದರಿಂದ ರಾಜ್ಯ ತಿಳಿಯುವುದಿಲ್ಲ, ವಿಳಾಸವನ್ನೇ ನೋಡಬೇಕು.

ಇಲ್ಲೊಂದು ಎಚ್ಚರಿಕೆ. ಆ ಸಂಖ್ಯೆ ಬ್ರಾಂಡ್‌ನ ಮಾಲೀಕರದ್ದೂ ಆಗಿರಬಹುದು. ತಯಾರಕರು ಬೇರೆಯಾದರೆ ಅವರ ಸಂಖ್ಯೆಯೂ ಲೇಬಲ್ ಮೇಲೆ ಇರಬೇಕೆಂದು 2020ರ ಲೇಬಲಿಂಗ್ ನಿಯಮ ಹೇಳುತ್ತದೆ. ಹಾಗಾಗಿ ಎರಡು ಸಂಖ್ಯೆಗಳಿದ್ದರೆ ಎರಡನ್ನೂ ಓದಿ. ಅನುಮಾನ ಬಂದರೆ ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ ಸಂಖ್ಯೆ ಹಾಕಿ ಹುಡುಕಿ. ಹೆಸರು, ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಯಾವ ಬಗೆಯ ವ್ಯವಹಾರಕ್ಕೆ ಕೊಟ್ಟದ್ದು ಎಂಬುದು ಬರುತ್ತದೆ. ಆ ಕೊನೆಯ ಸಾಲೇ ಮುಖ್ಯ. ಅಲ್ಲಿ ತಯಾರಕ ಎಂದಿರದೆ ‘ರೀಪ್ಯಾಕರ್’ ಅಥವಾ ‘ರೀಲೇಬಲರ್’ ಎಂದಷ್ಟೇ ಇದ್ದರೆ, ಡ್ರಮ್ಮಿನಲ್ಲೋ ಚೀಲದಲ್ಲೋ ಬಂದದ್ದನ್ನು ಸಣ್ಣ ಬಾಟಲಿಗೆ ಹಾಕಿ ಚೀಟಿ ಅಂಟಿಸಿದ್ದಾರೆ ಎಂದು ಅರ್ಥ. ಅದು ತಪ್ಪು ಕೆಲಸವಲ್ಲ. ಆದರೆ ಅದಕ್ಕೆ ‘ನಮ್ಮ ಮನೆಯಲ್ಲಿ ಮಾಡಿದ್ದು’ ಎಂದು ಬರೆಯುವುದು ತಪ್ಪು.

ಬಾರ್‌ಕೋಡಿನ 890 ನೋಡಿ ಭಾರತದ್ದೇ ಎಂದು ತೀರ್ಮಾನಿಸುವವರಿದ್ದಾರೆ. ಆ ಸಂಖ್ಯೆ ಹೇಳುವುದು ಕಂಪನಿ ತನ್ನ ಬಾರ್‌ಕೋಡನ್ನು ಭಾರತದ ಸಂಸ್ಥೆಯಿಂದ ಪಡೆದಿದೆ ಎಂದಷ್ಟೇ. ವಸ್ತು ಎಲ್ಲಿಯದೆಂಬುದಕ್ಕೆ ಅದು ಸಾಕ್ಷಿಯಲ್ಲ.

ಪುನರ್ಪುಳಿ ಸಿರಪ್: ಒಳ್ಳೆಯದೂ ಇದೆ, ಬಣ್ಣದ ನೀರೂ ಇದೆ

ದಕ್ಷಿಣ ಕನ್ನಡದ ಪುನರ್ಪುಳಿ, ಉತ್ತರ ಕನ್ನಡ, ಮಲೆನಾಡಿನ ಮುರುಗಲು, ಅಂಗಡಿಯ ಕೋಕಂ ಎಲ್ಲ ಒಂದೇ. ಪಶ್ಚಿಮ ಘಟ್ಟದ ಮರ. ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಬಂದು ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ. ರುಚಿಯೂ ಬಣ್ಣವೂ ಸಿಪ್ಪೆಯಲ್ಲಿರುತ್ತದೆ. ಬೀಜದಿಂದ ಮುರುಗಲ ತುಪ್ಪ ತೆಗೆಯುತ್ತಾರೆ.

ಮನೆಗಳಲ್ಲಿ ಮಾಡುವ ಕ್ರಮ ಗೊತ್ತಿದ್ದರೆ ಅಂಗಡಿಯದ್ದನ್ನು ಅಳೆಯುವುದು ಸುಲಭ. ಹಣ್ಣನ್ನು ಎರಡು ಹೋಳು ಮಾಡಿ ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಒತ್ತಾಗಿ ಜೋಡಿಸಬೇಕು. ತೂಕದಲ್ಲಿ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಸಕ್ಕರೆ. ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ ವಾರದೊಳಗೆ ಸಕ್ಕರೆ ಕರಗಿ ಸಿಪ್ಪೆಯ ರಸವನ್ನೆಲ್ಲ ಎಳೆದುಕೊಳ್ಳುತ್ತದೆ. ಸೋಸಿ ಬಾಟಲಿಗೆ ಹಾಕಿದರೆ ಸಿರಪ್. ಸಕ್ಕರೆ ಕಡಿಮೆ ಮಾಡಿದರೆ ಕೆಡುತ್ತದೆ: ಹುಳಿಬಂದು ನೊರೆ ಏಳುತ್ತದೆ, ಮುಚ್ಚಳ ಉಬ್ಬುತ್ತದೆ. ಸಕ್ಕರೆಯೇ ಇಲ್ಲಿ ಕಾವಲುಗಾರ.

ಸರ್ಕಾರದ ಮಾನದಂಡವೂ ಹೆಚ್ಚುಕಡಿಮೆ ಇದನ್ನೇ ಹಿಡಿದಿದೆ. ಹಣ್ಣಿನ ಸಿರಪ್ ಅಥವಾ ಶರಬತ್ತು ಎನ್ನಬೇಕಾದರೆ ಕನಿಷ್ಠ 25 ಶೇಕಡಾ ಹಣ್ಣಿನ ರಸ, ಕರಗಿದ ಘನಾಂಶ (ಬಹುಪಾಲು ಸಕ್ಕರೆ) ಕನಿಷ್ಠ 65 ಶೇಕಡಾ ಇರಬೇಕು. ಸ್ಕ್ವಾಶ್ ಆದರೆ ರಸ ಅಷ್ಟೇ, ಘನಾಂಶ 40. ಹಣ್ಣೇ ಇಲ್ಲದ ಸಿಂಥೆಟಿಕ್ ಸಿರಪ್ ಆದರೆ ‘ಕಂಟೇನ್ಸ್ ನೋ ಫ್ರೂಟ್’ ಎಂದು ಬರೆಯಲೇಬೇಕು. ಈ ಸಾಲು ಸಣ್ಣ ಅಕ್ಷರದಲ್ಲಿ, ಕೆಂಪು ಹಿನ್ನೆಲೆಯ ಮೇಲೆ ಕೆಂಪಾಗಿ ಅಡಗಿರುತ್ತದೆ. ಹಣ್ಣಿನ ಚಿತ್ರ ಎಷ್ಟೇ ದೊಡ್ಡದಿರಲಿ, ಮೊದಲು ಇದನ್ನು ಹುಡುಕಿ.

ಆಮೇಲೆ ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎಂಬುದು ನಿಯಮ. ಸಕ್ಕರೆ ಮೊದಲು, ಆಮೇಲೆ ನೀರೋ ಕೋಕಂ ರಸವೋ ಬಂದರೆ ಸರಿ. 330 ಎಂಬ ಸಂಖ್ಯೆ, ಅಂದರೆ ಸಿಟ್ರಿಕ್ ಆಮ್ಲ, ಕೋಕಂ ಹೆಸರಿಗಿಂತ ಮೊದಲು ಬಂದಿದ್ದರೆ ಆ ಬಾಟಲಿಯನ್ನು ವಾಪಸ್ ಇಡಿ. ಇಂಥ ಸಿರಪ್‌ಗೆ ಸಿಟ್ರಿಕ್ ಆಮ್ಲವನ್ನು ಹಾಕುವುದೇ ಶೇಕಡಾ ಒಂದೆರಡರಷ್ಟು. ಹಣ್ಣು ಅದಕ್ಕಿಂತ ಕಡಿಮೆ ಎಂದರೆ ಬರೀ ಹೆಸರಿಗೆ ಅದ್ದಿದ್ದಾರೆ ಎಂದಾಯಿತು. ಸ್ವತಃ ಹಲ್ಲು ಚುಳ್ಳೆನ್ನುವಷ್ಟು ಹುಳಿಯಿರುವ ಹಣ್ಣಿಗೆ ಮೇಲಿನಿಂದ ಹುಳಿ ಬೇಕಾಗಿದ್ದೇಕೆ ಎಂಬ ಪ್ರಶ್ನೆಯೂ ಇದ್ದೇ ಇದೆ. 122 ಅಂದರೆ ಕಾರ್ಮೊಯ್ಸಿನ್, 124 ಅಂದರೆ ಪೊನ್ಸೊ 4ಆರ್, ಎರಡೂ ಕೃತಕ ಕೆಂಪು. 162 ಬೀಟ್‌ರೂಟ್ ಬಣ್ಣ. 211 ಮತ್ತು 224 ಕೆಡದಂತೆ ಇಡಲು ಹಾಕುವವು. ಅವು ಅನುಮತಿ ಇರುವ ಸಂರಕ್ಷಕಗಳೇ, ಅವನ್ನು ಕಂಡು ಗಾಬರಿಯಾಗಬೇಕಿಲ್ಲ. ‘ಮನೆಯಲ್ಲಿ ಮಾಡಿದ್ದು, ಏನೂ ಸೇರಿಸಿಲ್ಲ’ ಎಂಬ ಮಾತಿನ ಕೆಳಗೇ ಅವು ಇದ್ದರೆ ಮಾತ್ರ ಸುಳ್ಳು ಹಿಡಿದಂತಾಯಿತು.

ಮನೆಗೆ ಬಂದ ಮೇಲೆ ಮಾಡಬಹುದಾದ ಪರೀಕ್ಷೆ ಇದು. ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಅರ್ಧ ಲೋಟ ನೀರಿಗೆ ಒಂದು ಚಮಚ ಸಿರಪ್ ಕಲಸಿ. ತಿಳಿಗೆಂಪು ನೀರಾಗುತ್ತದೆ. ಅದಕ್ಕೆ ಕಾಲು ಚಮಚ ಅಡುಗೆ ಸೋಡಾ ಹಾಕಿ ಕದಡಿ. ಬುಸ್ಸೆಂದು ನೊರೆ ಬರುತ್ತದೆ. ನೊರೆ ನಿಲ್ಲುವ ತನಕ ಚಿಟಿಕೆ ಚಿಟಿಕೆಯಾಗಿ ಇನ್ನಷ್ಟು ಹಾಕಿ. ಹುಳಿ ಪೂರ್ತಿ ಮುರಿಯದೆ ಪರೀಕ್ಷೆ ಆಗುವುದಿಲ್ಲ, ಅರ್ಧಕ್ಕೇ ನಿಲ್ಲಿಸಿ ‘ಬಣ್ಣ ಬದಲಾಗಲಿಲ್ಲ’ ಎನ್ನುವುದೇ ಎಲ್ಲರೂ ಮಾಡುವ ತಪ್ಪು. ನಿಜವಾದ ಪುನರ್ಪುಳಿಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಹುಳಿ ಹೋದಂತೆ ಅದು ಮೊದಲು ನೇರಳೆಗೆ ತಿರುಗಿ, ಆಮೇಲೆ ಮಾಸಿದ ನೀಲಿಗೋ ಹಸಿರು ಮಿಶ್ರಿತ ಬೂದಿಗೋ ಇಳಿಯುತ್ತದೆ. ಕಾರ್ಮೊಯ್ಸಿನ್ ಹಾಕಿದ್ದರೆ ಕೆಂಪು ಕೆಂಪಾಗಿಯೇ ನಿಲ್ಲುತ್ತದೆ. ಎರಡೂ ಬೆರೆಸಿದ್ದರೆ ಕೊಳಕು ಕೆನ್ನೇರಳೆಯಾಗಿ ಅಲ್ಲಿಗೇ ನಿಲ್ಲುತ್ತದೆ.

ಈ ಪರೀಕ್ಷೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದೂ ಗೊತ್ತಿರಲಿ. ಕಪ್ಪು ದ್ರಾಕ್ಷಿ, ದಾಸವಾಳದ ಬಣ್ಣವೂ ಹೀಗೇ ತಿರುಗುತ್ತದೆ. ಬಣ್ಣ ತಿರುಗಿತು ಅಂದರೆ ಕೃತಕ ಕೆಂಪಲ್ಲ ಎಂದಷ್ಟೇ, ಪುನರ್ಪುಳಿಯೇ ಎಂದಲ್ಲ. ಅದಕ್ಕೆ ನಾಲಗೆ ಬೇಕು: ಪುನರ್ಪುಳಿಯ ಹುಳಿ ಒಗರನ್ನು ಜೊತೆಗೆ ತರುತ್ತದೆ, ನುಂಗಿದ ಮೇಲೂ ನಾಲಗೆಯ ಬದಿಯಲ್ಲಿ ಕೂತಿರುತ್ತದೆ. ಸಿಟ್ರಿಕ್ ಆಮ್ಲದ ಹುಳಿ ಚಕ್ಕೆಂದು ಬಂದು ಚಕ್ಕೆಂದು ಹೋಗುತ್ತದೆ.

ತೂಕವೂ ಒಂದು ಸುಳಿವು. 65 ಶೇಕಡಾ ಘನಾಂಶದ ಸಿರಪ್ ನೀರಿಗಿಂತ ಹೆಚ್ಚು ತೂಗುತ್ತದೆ, ಲೀಟರಿಗೆ ಸುಮಾರು 1.3 ಕೆಜಿ. 750 ಎಂಎಲ್ ಬಾಟಲಿಯೊಳಗಿನದ್ದು ಹತ್ತಿರಹತ್ತಿರ 980 ಗ್ರಾಂ ಇರಬೇಕು. ಖಾಲಿಯಾದ ಮೇಲೆ ಬಾಟಲಿಯನ್ನು ತೂಗಿ ಕಳೆದರೆ ಲೆಕ್ಕ ಸಿಗುತ್ತದೆ. ನೋಡಲು ಗಟ್ಟಿ, ತೂಕಕ್ಕೆ ಹಗುರ ಎಂದರೆ ಅಂಟು ಹಾಕಿ ದಪ್ಪ ಮಾಡಿದ್ದಾರೆ.

ಇನ್ನು ಊರಿನ ಪ್ರಶ್ನೆ. ಹಣ್ಣು ಬಿಡುವುದು ಬೇಸಿಗೆಯಲ್ಲಿ, ಬಾಟಲಿಯ ಮೇಲೆ ತಯಾರಿಕೆಯ ತಿಂಗಳು ಡಿಸೆಂಬರ್ ಎಂದಿದ್ದರೆ ಎರಡು ಸಾಧ್ಯತೆ. ಬೇಸಿಗೆಯಲ್ಲೇ ರಸ ತೆಗೆದು ಡ್ರಮ್ಮುಗಳಲ್ಲಿ ಇಟ್ಟು, ಬೇಡಿಕೆ ಬಂದಾಗ ತುಂಬಿರಬಹುದು. ಅದು ಸರಿಯಾದ ಕ್ರಮವೇ. ಇಲ್ಲವೇ ಒಣ ಸಿಪ್ಪೆಯನ್ನು ನೆನೆಸಿ ಹಿಂಡಿರಬಹುದು. ಒಣ ಸಿಪ್ಪೆಯ ದೊಡ್ಡ ವ್ಯಾಪಾರ ಮಹಾರಾಷ್ಟ್ರದ ಕೊಂಕಣದಲ್ಲಿದೆ. ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಭೌಗೋಳಿಕ ಸೂಚಕದ (ಜಿಐ, ಊರಿನ ಹೆಸರನ್ನು ಅಲ್ಲಿನ ವಸ್ತುವಿಗೇ ಮೀಸಲಿಡುವ ನೋಂದಣಿ) ಮಾನ್ಯತೆಯೂ ಇದೆ. ಆ ಹಣ್ಣು ಕಳಪೆಯಲ್ಲ, ಬಹಳ ಒಳ್ಳೆಯದು. ಆದರೆ ಅದನ್ನು ‘ತುಳುನಾಡಿನ ತೋಟದಿಂದ’ ಎಂದು ಮಾರಿದರೆ ಇಲ್ಲಿನ ಮರದಡಿ ಹಣ್ಣು ಹೆಕ್ಕಿ ಮಾರುವವರ ಪಾಲನ್ನು ಕಿತ್ತುಕೊಂಡಂತೆ. ಎಷ್ಟೋ ಹಿತ್ತಿಲಿನಲ್ಲಿ ಈ ಹಣ್ಣು ಕೊಳ್ಳುವವರಿಲ್ಲದೆ ಮಳೆಗೆ ಕೊಳೆಯುವಾಗ ಇದು ಸಣ್ಣ ವಿಷಯವಲ್ಲ.

ನಮ್ಮ ಶಿಫಾರಸು ಹೀಗೆ: ನೋಂದಣಿ ಸಂಖ್ಯೆ 212ರಿಂದ ಶುರುವಾಗುವ, ತಯಾರಕರೂ ಮಾರುವವರೂ ಒಬ್ಬರೇ ಆಗಿರುವ, ಪದಾರ್ಥ ಮೂರ್ನಾಲ್ಕೇ ಇರುವ ಸಣ್ಣ ಘಟಕಗಳ ಸಿರಪ್ ಕೊಳ್ಳಿ. ಒಂದು ಬಾಟಲಿಯ ಬಣ್ಣ ಇನ್ನೊಂದಕ್ಕಿಂತ ತುಸು ಬೇರೆಯಾಗಿದ್ದರೆ, ಹಳೆಯದು ಕಂದು ತಿರುಗಿದ್ದರೆ ಬೇಜಾರು ಬೇಡ. ಸಹಜ ಬಣ್ಣ ಬೆಳಕಿಗೆ, ಕಾಲಕ್ಕೆ ಮಾಸುತ್ತದೆ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಹತ್ತು ತಿಂಗಳಿದ್ದೂ ಕುಂಕುಮದ ಹಾಗೆ ಹೊಳೆಯುವುದನ್ನು ಕಂಡರೆ ಅನುಮಾನಪಡಿ.

ಕಾಫಿ ಪುಡಿ: ಬೀಜ ಇಲ್ಲಿಯದು, ಉಳಿದದ್ದು?

ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು, ಅದರಲ್ಲಿ ಕೊಡಗಿನದೇ ದೊಡ್ಡ ಪಾಲು. ಹಾಗಾಗಿ ‘ಕೂರ್ಗ್ ಕಾಫಿ’ ಎಂದು ಬರೆದ ಪೊಟ್ಟಣದಲ್ಲಿ ಕೊಡಗಿನ ಬೀಜ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಎಡವಟ್ಟಾಗುವುದು ಬೇರೆ ಕಡೆ, ಚಿಕೋರಿಯಲ್ಲಿ.

ಕಾಫಿ–ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 51 ಶೇಕಡಾ ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಬರೆಯಬೇಕು ಎಂಬುದು ಕಾನೂನು. 60–40 ಮಿಶ್ರಣದ ಅರ್ಧ ಕೆಜಿ ಪೊಟ್ಟಣ ಎತ್ತಿಕೊಳ್ಳಿ. ಅದರಲ್ಲಿ 200 ಗ್ರಾಂ ಚಿಕೋರಿ. ಚಿಕೋರಿ ಒಂದು ಗಿಡದ ಬೇರು, ಕೊಡಗಿನಲ್ಲಿ ಬೆಳೆಯುವುದಲ್ಲ. ಬರುವುದು ಮುಖ್ಯವಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದಿಂದ. ಮುಂದೆ ‘ನೂರಕ್ಕೆ ನೂರು ಕೂರ್ಗ್’ ಎಂದು ಬರೆದು ಹಿಂದೆ 40 ಶೇಕಡಾ ಚಿಕೋರಿ ಎಂದಿದ್ದರೆ ಆ ಪೊಟ್ಟಣ ತನ್ನ ಮಾತನ್ನು ತಾನೇ ಸುಳ್ಳು ಮಾಡಿದಂತೆ. ಚಿಕೋರಿ ಹಾಕಿದ ಕಾಫಿ ಕೆಟ್ಟದ್ದೆಂದು ಹೇಳುತ್ತಿಲ್ಲ, ಹಾಲು ಹಾಕಿ ಕುಡಿಯುವ ಗಟ್ಟಿ ಡಿಕಾಕ್ಷನ್‌ಗೆ 80–20 ಎಷ್ಟೋ ಜನರಿಗೆ ಪ್ರಿಯ. ಪ್ರಮಾಣ ಗೊತ್ತಿದ್ದು ಕೊಳ್ಳಬೇಕು.

ಪ್ರಮಾಣವನ್ನೇ ಬರೆಯದ ಬಿಡಿ ಪುಡಿಯಾದರೆ ತಣ್ಣೀರಿನ ಪರೀಕ್ಷೆ ಮಾಡಿ. ಗಾಜಿನ ಲೋಟದ ತುಂಬ ನೀರು ಹಾಕಿ ಅಲುಗಾಡದೆ ನಿಲ್ಲಲು ಬಿಡಿ. ಅರ್ಧ ಚಮಚ ಪುಡಿಯನ್ನು ಮೇಲೆ ಉದುರಿಸಿ, ಕಲಕಬೇಡಿ. ಕಾಫಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಅದು ತೇಲುತ್ತದೆ. ಚಿಕೋರಿ ನೀರು ಹೀರಿ ಕೆಲವೇ ಸೆಕೆಂಡುಗಳಲ್ಲಿ ಮುಳುಗುತ್ತದೆ, ಮುಳುಗುವಾಗ ಹಿಂದೆ ಕಂದು ಗೆರೆಯೊಂದನ್ನು ದಾರದ ಹಾಗೆ ಬಿಟ್ಟುಹೋಗುತ್ತದೆ. ಬಹಳ ನುಣ್ಣಗೆ ಬೀಸಿದ ಶುದ್ಧ ಕಾಫಿಯಲ್ಲೂ ಸ್ವಲ್ಪ ಪುಡಿ ಇಳಿಯುತ್ತದೆ, ಅದನ್ನು ಕಂಡು ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಮೊದಲ ಹತ್ತು ಸೆಕೆಂಡಿನಲ್ಲೇ ಗೆರೆಗಳು ಸಾಲುಸಾಲಾಗಿ ಇಳಿದರೆ ಮಾತ್ರ ಚಿಕೋರಿ. ಎಷ್ಟು ಶೇಕಡಾ ಎಂಬುದು ಇದರಿಂದ ತಿಳಿಯುವುದಿಲ್ಲ.

ಯಾವ ಊರಿನ ಬೀಜ ಎಂಬುದನ್ನು ಅಡುಗೆಮನೆಯ ಯಾವ ಪರೀಕ್ಷೆಯೂ ಹೇಳಲಾರದು. ಕಪ್ಪಗೆ ಹುರಿದರೆ ತೋಟದ ಗುಣವೆಲ್ಲ ಸುಟ್ಟುಹೋಗಿ ಹುರಿದ ರುಚಿಯೊಂದೇ ಉಳಿಯುತ್ತದೆ, ಆಗ ಪಳಗಿದ ನಾಲಗೆಗೂ ಕಷ್ಟ. ಉಳಿಯುವುದು ಬರಹದ ಸಾಕ್ಷಿ. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮೂರಕ್ಕೂ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮೂರೂ ಅರೇಬಿಕಾವೇ ಎಂಬುದನ್ನು ಗಮನಿಸಿ. ಕೊಡಗಿನಲ್ಲಿ ಹೆಚ್ಚು ಬೆಳೆಯುವುದು ಕಾಫಿಯ ಇನ್ನೊಂದು ಜಾತಿ, ರೋಬಸ್ಟಾ. ಆ ವರ್ಷದ ಪಟ್ಟಿಯಲ್ಲಿದ್ದ ರೋಬಸ್ಟಾ ವಯನಾಡಿನದು. ಪೊಟ್ಟಣದಲ್ಲಿ ಸೂಚಕದ ಚಿಹ್ನೆ ಹಾಕಿ, ಪದಾರ್ಥದಲ್ಲಿ ರೋಬಸ್ಟಾ ಎಂದಿದ್ದರೆ ಪ್ರಶ್ನಿಸಿ.

ಒಳ್ಳೆಯ ಪೊಟ್ಟಣ ಹೇಗಿರುತ್ತದೆ? ತೋಟದ ಹೆಸರು ಅಥವಾ ಕನಿಷ್ಠ ತಾಲ್ಲೂಕು, ಬೆಳೆಯ ವರ್ಷ, ಸಂಸ್ಕರಣೆಯ ಬಗೆ, ಹುರಿದ ದಿನಾಂಕ. ‘ಪ್ಲಾಂಟೇಶನ್ ಎ’ ಎಂದರೆ ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾದ ದಪ್ಪ ಬೀಜ, ‘ಪೀಬೆರಿ’ ಎಂದರೆ ಹಣ್ಣಿನೊಳಗೆ ಒಂದೇ ಬೀಜವಾಗಿ ಬೆಳೆದ ಗುಂಡನೆಯದು, ‘ರೋಬಸ್ಟಾ ಚೆರ್ರಿ’ ಎಂದರೆ ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿದ್ದು. ಈ ಮಾತುಗಳನ್ನು ಬಳಸುವವರಿಗೆ ತಾವು ಯಾರಿಂದ ಏನು ಕೊಂಡೆವೆಂದು ಗೊತ್ತಿರುತ್ತದೆ. ‘ಆಯ್ದ ಅತ್ಯುತ್ತಮ ಬೀಜ’ ಎಂದಷ್ಟೇ ಬರೆದವರಿಂದ ಏನನ್ನೂ ತಿಳಿಯಲಾಗದು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಅದಾದ ಮೇಲೆ ಕ್ಯೂರಿಂಗ್, ಅಂದರೆ ಒಣಗಿದ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕೆಲಸ ಆಗಬೇಕು. ‘ಹೊಸ ಬೆಳೆ’ ಎಂದು ಡಿಸೆಂಬರಿನಲ್ಲಿ ರೋಬಸ್ಟಾ ಮಾರಿದರೆ ಅದು ಹಿಂದಿನ ವರ್ಷದ್ದು.

ಹುರಿಯುವ ಕೆಲಸ ಬೆಂಗಳೂರು, ಮೈಸೂರಿನಲ್ಲಿ ಆಗಿದ್ದರೆ ಅದನ್ನು ದೊಡ್ಡ ದೋಷವೆಂದು ಎಣಿಸಬೇಕಿಲ್ಲ. ಬೀಜ ಹಸಿಯಾಗಿ ತಿಂಗಳುಗಟ್ಟಲೆ ಇರುತ್ತದೆ, ಹುರಿದು ಪುಡಿ ಮಾಡಿದ ಮೇಲೆ ಮಾತ್ರ ವಾರಗಳಲ್ಲಿ ಪರಿಮಳ ಹಾರುತ್ತದೆ. ಕುಡಿಯುವವರಿಗೆ ಹತ್ತಿರ ಹುರಿದದ್ದೇ ಮೇಲು. ಪ್ರವಾಸಿ ಅಂಗಡಿಯ ಕಪಾಟಿನಲ್ಲಿ ಅರ್ಧ ವರ್ಷ ಕೂತ ಪುಡಿಗಿಂತ, ಅಲ್ಲಿಂದ ಹಸಿ ಬೀಜವನ್ನೋ ಅದೇ ವಾರ ಹುರಿದ ಇಡಿ ಬೀಜವನ್ನೋ ತಂದು ಮನೆಯಲ್ಲಿ ಬೀಸಿಕೊಳ್ಳುವುದು ಎಷ್ಟೋ ವಾಸಿ. ಇನ್‌ಸ್ಟಂಟ್ ಕಾಫಿಯದು ಬೇರೆ ಕಥೆ. ಅದನ್ನು ಮಾಡಲು ಡಿಕಾಕ್ಷನ್ ಒಣಗಿಸುವ ದೊಡ್ಡ ಯಂತ್ರಗಳು ಬೇಕು, ಸಣ್ಣ ಬ್ರಾಂಡ್‌ನವರ ಬಳಿ ಅವು ಇರುವುದಿಲ್ಲ. ಊರ ಹೆಸರಿನ ಇನ್‌ಸ್ಟಂಟ್ ಡಬ್ಬಿ ಕಂಡರೆ ತಯಾರಕರ ವಿಳಾಸವನ್ನು ಓದಿಯೇ ಕೊಳ್ಳಿ.

ಜೀರಾ ಸೋಡಾ, ಕಷಾಯ ಪುಡಿ

ಜೀರಿಗೆಯ ಮಟ್ಟಿಗೆ ಬೇಗ ಹೇಳಿ ಮುಗಿಸಬಹುದು: ದೇಶದ ಜೀರಿಗೆ ಬಹುಪಾಲು ಗುಜರಾತ್, ರಾಜಸ್ಥಾನದ್ದು, ದೊಡ್ಡ ಮಂಡಿ ಗುಜರಾತಿನ ಉಂಝಾದಲ್ಲಿ. ಯಾವ ಜೀರಾ ಸೋಡಾವೂ ಬೆಳೆಯ ಲೆಕ್ಕದಲ್ಲಿ ಕರಾವಳಿಯದ್ದಾಗಲು ಸಾಧ್ಯವಿಲ್ಲ. ಅಲ್ಲಿ ಸ್ಥಳೀಯವಾಗಿರುವುದು ಮಸಾಲೆಯ ಹದ, ದುಡಿಯುವ ಕೈ, ಬಂಡವಾಳ. ಪುತ್ತೂರಿನ ನರಿಮೊಗರಿನಲ್ಲಿ ಹುಟ್ಟಿದ ಬಿಂದು ಇದಕ್ಕೆ ಎದ್ದುಕಾಣುವ ಉದಾಹರಣೆ. ಹಳ್ಳಿಯಲ್ಲಿ ಶುರುವಾಗಿ ದೊಡ್ಡ ಬ್ರಾಂಡ್ ಆಗಿ ಬೆಳೆದದ್ದು ಹೆಮ್ಮೆಯ ಸಂಗತಿಯೇ. ಇಂಥ ಪಾನೀಯದಲ್ಲಿ ನೋಡಬೇಕಾದದ್ದು ಊರಿಗಿಂತ ಜೀರಿಗೆ. ಪದಾರ್ಥಗಳಲ್ಲಿ ಜೀರಿಗೆಯ ಸಾರ ಎಂದಿದೆಯೋ, ಬರೀ ‘ಫ್ಲೇವರ್’ ಎಂದಿದೆಯೋ? ಸಾರ ಇದ್ದರೆ ಕುಡಿದ ಮೇಲೆ ಗಂಟಲಲ್ಲಿ ತುಸು ಖಾರ, ಕಹಿ ನಿಲ್ಲುತ್ತದೆ.

ಕಷಾಯ ಪುಡಿಯಲ್ಲೂ ಇದೇ ಮಾತು. ಕೊತ್ತಂಬರಿ, ಜೀರಿಗೆ, ಮೆಂತ್ಯ ಹೊರಗಿನವು, ಕಾಳುಮೆಣಸು, ಏಲಕ್ಕಿ ಮಾತ್ರ ಮಲೆನಾಡಿನವು ಇರಬಹುದು. ಪಟ್ಟಿಯಲ್ಲಿ ಸಕ್ಕರೆಯೋ ಬೆಲ್ಲದ ಪುಡಿಯೋ ಮೊದಲು ಬಂದಿದ್ದರೆ ನೀವು ದುಡ್ಡು ಕೊಡುತ್ತಿರುವುದು ಅದಕ್ಕೆ.

‘ಹೋಮ್‌ಮೇಡ್ ವೈನ್’

ಇದನ್ನು ಶಿಫಾರಸು ಮಾಡುವುದಿಲ್ಲ. ಕಾರಣ ರುಚಿಯದಲ್ಲ. ಮದ್ಯವಾದರೆ ಅದನ್ನು ಮಾಡಿ ಮಾರಲು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಬೇಕು. ಬಾಟಲಿಯ ಮೇಲೆ ಆಲ್ಕೋಹಾಲ್ ಶೇಕಡಾವಾರು, ಎಚ್ಚರಿಕೆಯ ಸಾಲು, ತಯಾರಕರ ವಿಳಾಸ ಇರಬೇಕು. ಇವೇನೂ ಇಲ್ಲದೆ ‘ಕೂರ್ಗ್ ವೈನ್’ ಎಂದಷ್ಟೇ ಇರುವ ಬಾಟಲಿ ಒಂದೋ ಲೈಸೆನ್ಸಿಲ್ಲದ ಮದ್ಯ, ಇಲ್ಲವೋ ವೈನೇ ಅಲ್ಲದ ಸಿಹಿ ರಸ. ಎರಡರಲ್ಲೂ ಕೆಟ್ಟರೆ ಕೇಳಲು ಯಾರೂ ಇರುವುದಿಲ್ಲ. ಹುದುಗುವಿಕೆ ನಿಲ್ಲುವ ಮೊದಲೇ ಮುಚ್ಚಳ ಬಿಗಿದ ಬಾಟಲಿ ಕಾರಿನ ಬಿಸಿಗೆ ಒಡೆಯುವುದೂ ಉಂಟು. ಮುಚ್ಚಳ ಉಬ್ಬಿದ್ದರೆ, ತಳದಲ್ಲಿ ಬಿಳಿ ಗಸಿ ಕೂತು ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಮುಟ್ಟಬೇಡಿ.

ದ್ರಾಕ್ಷಿಯ ವೈನ್ ಎಂದಿದ್ದರೆ ಇನ್ನೊಂದು ಮಾತು. ಕೊಡಗು ದ್ರಾಕ್ಷಿಯ ನೆಲವಲ್ಲ. ರಾಜ್ಯದಲ್ಲಿ ಕಪ್ಪು ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವುದು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ. ಆ ದ್ರಾಕ್ಷಿಗೆ ಭೌಗೋಳಿಕ ಸೂಚಕವೂ ಇದೆ. ಕರ್ನಾಟಕದ್ದೇ ವೈನ್ ಬೇಕಾದವರು ನಂದಿ ಕಣಿವೆಯ, ಕೃಷ್ಣಾ ಕಣಿವೆಯ ಲೈಸೆನ್ಸ್ ಇರುವ ವೈನರಿಗಳದ್ದನ್ನು ಕೊಳ್ಳಬಹುದು, ಊರು ಬಾಟಲಿಯ ಮೇಲೇ ಬರೆದಿರುತ್ತದೆ.

ಸದ್ದಿಲ್ಲದೆ ಸ್ಥಳೀಯವಾಗಿರುವವು

ಗುಡ್ಡದ ಚಿತ್ರವಿಲ್ಲದ ಕೆಲವು ಪಾನೀಯಗಳು ಇವೆಲ್ಲಕ್ಕಿಂತ ಹೆಚ್ಚು ಸ್ಥಳೀಯ. ನಂದಿನಿ ಮಜ್ಜಿಗೆಯ ಪೊಟ್ಟಣ ತಿರುಗಿಸಿದರೆ ಯಾವ ಹಾಲು ಒಕ್ಕೂಟದ್ದೆಂದು ಬರೆದಿರುತ್ತದೆ. ಆ ಒಕ್ಕೂಟಕ್ಕೆ ಹಾಲು ಹಾಕುವವರು ಅದರ ವ್ಯಾಪ್ತಿಯ ಹಳ್ಳಿಗಳ ಸಂಘಗಳವರು. ಕೆಲವೇ ದಿನ ಬಾಳುವ ಪೊಟ್ಟಣ ದೂರ ಹೋಗಲೂ ಆಗದು. ಕ್ಯಾಂಪ್ಕೋದ ವಿನ್ನರ್ ಚಾಕೊಲೇಟ್ ಪುಡಿಯೂ ಇದೇ ಸಾಲಿಗೆ ಸೇರಬೇಕು. ಅಡಿಕೆ ತೋಟದ ನಡುವೆ ಕೋಕೋ ಹಾಕಿದ ಕರ್ನಾಟಕ, ಕೇರಳದ ಬೆಳೆಗಾರರದ್ದೇ ಸಹಕಾರಿ ಸಂಸ್ಥೆ, 1986ರಿಂದ ಪುತ್ತೂರಿನಲ್ಲೇ ಕಾರ್ಖಾನೆ.

ಕೊನೆಯದು ಗೋಲಿ ಸೋಡಾ, ಹಳೆಯ ಗಾಜಿನ ಬಾಟಲಿಯದ್ದು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು, ನಮ್ಮ ಊರುಗಳಲ್ಲಿ ಇನ್ನೂ ಉಳಿದುಕೊಂಡಿದೆ. ನೀರು, ಗ್ಯಾಸ್ ತುಂಬಿ ಬಾಟಲಿಯನ್ನು ಬುಡಮೇಲು ಮಾಡಿದಾಗ ಗೋಲಿ ಕುತ್ತಿಗೆಗೆ ಜಾರಿ, ಒಳಗಿನ ಒತ್ತಡಕ್ಕೆ ರಬ್ಬರ್ ಉಂಗುರಕ್ಕೆ ಕಚ್ಚಿ ಕೂರುತ್ತದೆ. ದಪ್ಪ ಗಾಜು ಭಾರ, ಖಾಲಿ ಬಾಟಲಿ ಮತ್ತೆ ತುಂಬಲು ವಾಪಸ್ ಹೋಗಲೇಬೇಕು. ಹಾಗಾಗಿ ಮಾಡುವವರು ಆಟೋ ಒಂದು ಸುತ್ತು ಹೋಗಿಬರುವಷ್ಟು ದೂರದಲ್ಲೇ ಇರುತ್ತಾರೆ. ಕೊಳ್ಳುವಾಗ ನೋಡಬೇಕಾದ್ದು ಎರಡು. ಉಂಗುರ ಸವೆದಿದ್ದರೆ ಗೋಲಿಯ ಸುತ್ತ ಸಣ್ಣಗೆ ಹನಿ ಜಿನುಗುತ್ತದೆ, ಒಳಗೆ ಗ್ಯಾಸ್ ಉಳಿದಿರುವುದಿಲ್ಲ. ಗೋಲಿ ಒತ್ತಿದಾಗ ‘ಟಪ್’ ಎನ್ನದೆ ಸುಮ್ಮನೆ ಜಾರಿದರೂ ಅದೇ. ಇನ್ನೊಂದು, ಬೆಳಕಿಗೆ ಹಿಡಿದು ಕುತ್ತಿಗೆಯ ಇಕ್ಕಟ್ಟನ್ನು ನೋಡಿ. ಬ್ರಷ್ ಹೋಗದ ಆ ಜಾಗದಲ್ಲೇ ಪಾಚಿ ಕಟ್ಟುವುದು. ಹಸಿರು ಕಂಡರೆ ಬಾಟಲಿ ಬದಲಿಸಿ ಕೊಡಲು ಹೇಳಿ, ಅದೇ ಕ್ರೇಟಿನಲ್ಲಿ ಚೊಕ್ಕಟವಾದದ್ದು ಇದ್ದೇ ಇರುತ್ತದೆ.